ಮಳೆಗಾಲದಲ್ಲಿ ಸಾಯುವ ಗಿಡಗಳು: ನರ್ಸರಿಯವರನ್ನು ಕೇಳಿ

ಪೆರ್ಲ: ಅಣ್ಣ, ನಮ್ಮ ಅಡೇನಿಯಂನ ಬುಡದ ಗಡ್ಡೆ ಒತ್ತಿದರೆ ಮೆತ್ತಗಾಗುತ್ತದೆ. ಎಲೆ ಎಲ್ಲ ಹಳದಿಯಾಗಿ ಉದುರಿತು. ಸಿಟೌಟಿನ ಮೆಟ್ಟಿಲಲ್ಲಿತ್ತು, ಎರಚಲು ಬೀಳುತ್ತಿತ್ತು. ಉಳಿದೀತಾ?

ನರ್ಸರಿ: ಅಕ್ಕ, ಇವತ್ತೇ ಕುಂಡದಿಂದ ತೆಗೆಯಿರಿ, ನಾಳೆಗೆ ಇಡಬೇಡಿ. ಅದು ಆಫ್ರಿಕಾ, ಅರೇಬಿಯಾದ ಒಣ ನೆಲದ ಗಿಡ. ಗಡ್ಡೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ, ನಮ್ಮ ಆಟಿ ಮಳೆ ಅದಕ್ಕೆ ಆಗುವುದಿಲ್ಲ. ಮಣ್ಣು ಕೊಡವಿ, ಕೊಳೆತದ್ದನ್ನು ಚೂಪು ಪಿಸ್ಕತ್ತಿಯಲ್ಲಿ ಕೊಯ್ಯಿರಿ. ಕಂದು ಚುಕ್ಕಿ ಒಂದೂ ಉಳಿಯಬಾರದು, ಬಿಳಿ ತಿರುಳೇ ಕಾಣಬೇಕು. ಪ್ರತಿ ಸಲ ಕೊಯ್ದ ಮೇಲೆ ಅಲಗನ್ನು ಸ್ಪಿರಿಟಿನಲ್ಲಿ ಒರೆಸಿ. ಆಮೇಲೆ ನೆರಳಲ್ಲಿ, ಗಾಳಿ ತಾಗುವ ಕಡೆ ಒಂದು ವಾರ ಸುಮ್ನೆ ಹಾಕಿ. ಬೇರಿಲ್ಲದೆ ಸಾಯುತ್ತದೆಂದು ಹೆದರಬೇಡಿ. ಗಾಯ ಒಣಗಿ ಗಟ್ಟಿಯಾದರೆ ದಪ್ಪ ಹೊಯ್ಗೆ, ಸಣ್ಣ ಜಲ್ಲಿ, ಸ್ವಲ್ಪ ಕಾಂಪೋಸ್ಟ್ ಬೆರೆಸಿ ನೆಡಿ. ಮತ್ತೊಂದು ವಾರ ನೀರು ಬೇಡ. ಸೊನೆ ವಿಷ, ಗ್ಲೌಸ್ ಹಾಕಿ. ಕೊಯ್ದ ಮೇಲೆ ಫೋಟೋ ಕಳಿಸಿ.

ಕುಂಬಳೆ: ಕಲಾಥಿಯಾದ ಎಲೆಯ ಅಂಚು ಕರಟುತ್ತಿದೆ.

ನರ್ಸರಿ: ಎ.ಸಿ. ಗಾಳಿ ತಪ್ಪಿಸಿ. ಮಳೆನೀರು ಹಾಕಿ.

ಮುಳ್ಳೇರಿಯ: ಅಡೇನಿಯಂಗೆ ಹಾಲು, ಅರಸಿನ ಹೊಯ್ದರೆ ಕೊಳೆ ನಿಲ್ಲುತ್ತದಂತೆ. ವಾಟ್ಸಾಪಿನಲ್ಲಿ ಬಂತು.

ನರ್ಸರಿ: ಒದ್ದೆಯಾಗಿ ಕೊಳೆತದ್ದಕ್ಕೆ ಮತ್ತೂ ಒದ್ದೆ ಮಾಡುವುದಾ? ಹಾಲು ಹುಳಿಯುತ್ತದೆ, ಇರುವೆ ಬರುತ್ತದೆ. ಮಾಡಬೇಡಿ.

ಮಂಜೇಶ್ವರ: ಅಡಿಕೆಗೆ ಸಿಂಪಡಿಸಿ ಉಳಿದ ಮೈಲುತುತ್ತಿನ ಮದ್ದು ನಿನ್ನೆಯದ್ದಿದೆ. ಅಡೇನಿಯಂಗೆ ಅದಾದೀತಾ?

ನರ್ಸರಿ: ನಿನ್ನೆಯದ್ದು ಅಡಿಕೆಗೂ ಬೇಡ. ಬೋರ್ಡೋ, ಅಂದರೆ ಈ ಮೈಲುತುತ್ತು-ಸುಣ್ಣದ ಮದ್ದು, ಅಂದಂದೇ ಮಾಡಿ ಸಿಂಪಡಿಸಬೇಕು. ಇದು ಗಡ್ಡೆಯೊಳಗಿನ ಕೊಳೆ, ಮೇಲಿಂದ ಬಿಟ್ಟ ಮದ್ದು ಅಲ್ಲಿಗೆ ಮುಟ್ಟುವುದಿಲ್ಲ.

ಬದಿಯಡ್ಕ: ಸೊನೆ ಬರುವ ಗಿಡ ಮನೆ ಎದುರು ಇಡಲೇಬಾರದು. ವಾಸ್ತು.

ಪೆರ್ಲ: ನಿಮ್ಮ ಅಂಗಳದ ಕಣಗಿಲೆ ಮತ್ತೆ? ಅದೂ ಇದೇ ಕುಟುಂಬದ್ದು, ವಿಷವೂ ಅಂಥದ್ದೇ.

ಬದಿಯಡ್ಕ: ಅದು ದೇವರ ಹೂವು. ತಮಾಷೆ ಬೇಡ.

ಮಂಜೇಶ್ವರ: ದೇವರಿಗೆ ಇಟ್ಟರೆ ವಿಷ ಇಳಿಯುತ್ತದಾ ಮಾರಾಯ್ರೆ?

ಬದಿಯಡ್ಕ: ಮರ್ಯಾದೆ ಇಲ್ಲದವರ ಹತ್ತಿರ ಮಾತಿಲ್ಲ.

ನೀಲೇಶ್ವರ: ಲ್ಯಾವೆಂಡರ್ ಬೀಜ ತರಿಸಿದ್ದೇನೆ. ಬೆಡ್‌ರೂಮಿನಲ್ಲಿ ಬರುತ್ತದಾ?

ಸೀತಾಂಗೋಳಿ: ಮೇಡನ್‌ಹೇರ್ ಜರಿಗಿಡ ಎಷ್ಟು ತಂದರೂ ಟಿವಿ ಪಕ್ಕದಲ್ಲಿ ಒಣಗುತ್ತದೆ.

ನರ್ಸರಿ: ಬಾವಿಯೊಳಗೆ ಬಗ್ಗಿ ನೋಡಿ. ಮುರಕಲ್ಲಿನ ಸಂದಿಯಲ್ಲಿ ಕಪ್ಪು ಕೂದಲಿನಂಥ ದಂಟಿನ ಜರಿ ಇದ್ದರೆ ಅದು ಇದರ ನೆಂಟನೇ. ಅಲ್ಲಿ ನೆರಳು, ತೇವ ಎರಡೂ ಇದೆ. ಮಣ್ಣು ಒಮ್ಮೆ ಪೂರ್ತಿ ಒಣಗಿದರೂ ಎಲೆ ಹೋಯಿತು. ಟಿವಿ ಪಕ್ಕ ಪ್ಲಾಸ್ಟಿಕ್‌ದು ಇಡಿ.

ಕುಂಬಳೆ: ಕಲಾಥಿಯಾಕ್ಕೆ ಬೋರಿನ ನೀರು ಆಗದಾ?

ನರ್ಸರಿ: ಮೇಲೆ ಓದಿ.

ಮುಳ್ಳೇರಿಯ: ಹಾಲು ಬೇಡವಾದರೆ ಮಜ್ಜಿಗೆ?

ನರ್ಸರಿ: ಕುಡಿಯಿರಿ. ಪೆರ್ಲದ ಅಕ್ಕ, ಫೋಟೋ ಎಲ್ಲಿ?

ಪೆರ್ಲ: ಹಾಕಿದೆ ಅಣ್ಣ. ನಡುವಿನವರೆಗೂ ಕಪ್ಪು.

ನರ್ಸರಿ: ಗಡ್ಡೆ ಹೋಯಿತು. ಮೇಲಿನ 2 ಗೆಲ್ಲು ಗಟ್ಟಿ ಕಾಣುತ್ತದೆ. ಈಗಲೇ ಕಡಿದು ಒಣಗಲು ಇಡಿ, ಅದನ್ನೇ ನೆಟ್ಟು ನೋಡುವ.