ಇ4 ಎದುರು ಕಪ್ಪಿನ ಆಟ: ಕ್ಯಾರೋ-ಕಾನ್ ಅನುಭವ

ರಾಯಚೂರಿನ ಪಾಲಕರೊಬ್ಬರು, ತಮ್ಮ ಮಗಳು ಕಪ್ಪು ಕಾಯಿಗಳಲ್ಲಿ ಸಿಸಿಲಿಯನ್ ಆಡಿ ಮೇಲಿಂದ ಮೇಲೆ ಸೋಲುತ್ತಿರುವುದರಿಂದ, ಇ4 ಎದುರು, ಅಂದರೆ ಬಿಳಿ ಮೊದಲ ನಡೆಯಲ್ಲೇ ಕಾಲಾಳನ್ನು ಇ4 ಮನೆಗೆ ನೂಕಿದಾಗ, ಬೇರೆ ಯಾವ ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಕಲಿಸಬೇಕೆಂದು ಕೇಳಿದ್ದಾರೆ. (ಇಲ್ಲಿ ಕಾಯಿಯ ಹೆಸರಿಲ್ಲದೆ ಬರೀ ಮನೆಯ ಹೆಸರಿನಲ್ಲಿ ಹೇಳಿದ ನಡೆ ಕಾಲಾಳಿನದು.) ಈಗಾಗಲೇ ಒಬ್ಬರು ಫ್ರೆಂಚ್ ಸೂಚಿಸಿದ್ದಾರೆ. ಕೊಪ್ಪಳದಲ್ಲಿ ಮಕ್ಕಳಿಗೆ ಚೆಸ್ ಹೇಳಿಕೊಡುವ ನನ್ನ ಸಲಹೆ ಕ್ಯಾರೋ-ಕಾನ್.

ಫ್ರೆಂಚ್‌ನಲ್ಲಿ ಕಪ್ಪಿನ ಇ6 ಮೊದಲೇ ಬರುವುದರಿಂದ ಸಿ8ರ ಒಂಟೆ ತನ್ನದೇ ಕಾಲಾಳುಗಳ ಹಿಂದೆ ಸಿಕ್ಕಿಬೀಳುತ್ತದೆ. ಕ್ಯಾರೋ-ಕಾನ್‌ನಲ್ಲಿ ಸಿ6, ಡಿ5 ಆಡಿ, ಆ ಒಂಟೆಯನ್ನು ಹೊರಗೆ ಕಳಿಸಿದ ಮೇಲೆ ಬಾಗಿಲು ಮುಚ್ಚಿದ ಹಾಗೆ ಇ6 ಆಡಬಹುದು. ಹೊರೇಷಿಯೋ ಕ್ಯಾರೋ ಮತ್ತು ಮಾರ್ಕಸ್ ಕಾನ್ 1886ರಲ್ಲಿ ವಿಶ್ಲೇಷಿಸಿದ ಈ ಓಪನಿಂಗನ್ನು ಬೋಟ್ವಿನ್ನಿಕ್, ಕಾರ್ಪೋವ್ ಅವರಂತಹ ವಿಶ್ವ ಚಾಂಪಿಯನ್ನರೇ ನೆಚ್ಚಿಕೊಂಡಿದ್ದರು. ಇದು ಡ್ರಾ ಬಯಸುವವರ ಆಟವೆಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ.

ನಮ್ಮ ಭಾಗದ ಮಕ್ಕಳ ಪಂದ್ಯಾವಳಿಗಳಲ್ಲಿ ಎದುರಾಳಿಗಳು ಮೊಬೈಲ್‌ನಲ್ಲಿ ನೋಡಿ ಕಲಿತ ದಾಳಿಗಳನ್ನೇ ಹೆಚ್ಚು ಆಡುತ್ತಾರೆ. ಬಳ್ಳಾರಿಯ ರ‍್ಯಾಪಿಡ್ (ಕಡಿಮೆ ಸಮಯದ) ಪಂದ್ಯವೊಂದರಲ್ಲಿ ನನ್ನ ವಿದ್ಯಾರ್ಥಿಯ ಎದುರು ಬಿಳಿ ಕಾಯಿಗಳಲ್ಲಿ ಆಡುತ್ತಿದ್ದ ಹುಡುಗ ಎರಡನೆಯ ನಡೆಯಲ್ಲಿ ಡಿ4 ಆಡಿ, ಮೂರನೆಯ ನಡೆಯಲ್ಲಿ ಕಾಲಾಳನ್ನು ಇ5ಕ್ಕೆ ನೂಕಿ, ಕಪ್ಪಿನ ಒಂಟೆ ಎಫ್5ಕ್ಕೆ ಬಂದ ಕೂಡಲೇ ಎಚ್4 ಆಡಿದ. ನೋಡಲು ಹುಡುಗಾಟದಂತಿರುವ ಈ ನಡೆಗೆ ಕಪ್ಪು ಎಂದಿನಂತೆ ಇ6 ಎಂದರೆ, ಜಿ4, ಒಂಟೆ ಇ4ಕ್ಕೆ, ಎಫ್3, ಒಂಟೆ ಜಿ6ಕ್ಕೆ, ಎಚ್5. ಅಲ್ಲಿಗೆ ಒಂಟೆ ಹೋಯಿತೆಂದೇ ಲೆಕ್ಕ. ನನ್ನ ವಿದ್ಯಾರ್ಥಿ ಇ6 ಬದಲು ತಾನೇ ಎಚ್5 ಆಡಿದ. ಡಿ3ರಲ್ಲಿ ಒಂಟೆಗಳ ವಿನಿಮಯವಾಗಿ, ಇ6 ಬಂದು, ಜಿ8ರ ಕುದುರೆ ಇ7ರ ಮೂಲಕ ಎಫ್5ರಲ್ಲಿ ಹೋಗಿ ಕುಳಿತಿತು. ಅದನ್ನು ಎಬ್ಬಿಸಲು ಬಿಳಿ ಜಿ4 ಆಡಿದರೆ ಎಚ್5ರ ಕಾಲಾಳೇ ಹೊಡೆಯುತ್ತದೆ, ಆದ್ದರಿಂದ ಬಿಳಿಯ ಎಚ್4 ನಡೆಯೇ ಕಪ್ಪಿನ ಕುದುರೆಗೆ ಕಾಯಂ ಜಾಗ ಮಾಡಿಕೊಟ್ಟಂತಾಯಿತು. ಮುಂದೆ ಸಿ5 ಬಿದ್ದಾಗ ಡಿ4ರ ಮೇಲೆ ಒತ್ತಡ ಹೆಚ್ಚಿ ಆ ಕಾಲಾಳು ಉಳಿಯಲಿಲ್ಲ. ಉಳಿದ ಆಟ ವಿಶೇಷವೇನಲ್ಲ, ನಮ್ಮ ಹುಡುಗ ಗೆದ್ದ.

ಮೂರನೆಯ ನಡೆಯಲ್ಲಿ ಇ5 ಬದಲು ಬಿಳಿಯ ಕುದುರೆ ಸಿ3ಕ್ಕೆ ಬರುವ ಸಾಲನ್ನೂ ನಿಮ್ಮ ಮಗಳಿಗೆ ಬೋರ್ಡಿನ ಮೇಲೆ ಆಡಿಸಿ ತೋರಿಸಿರಿ. ಕಪ್ಪು ಕಾಲಾಳು ಇ4ರಲ್ಲಿ ಹೊಡೆದು, ಬಿಳಿಯ ಕುದುರೆ ಅದನ್ನು ಮರಳಿ ಹೊಡೆದು, ಬಿ8ರ ಕಪ್ಪು ಕುದುರೆ ಡಿ7ಕ್ಕೆ ಹೋದಾಗ ಬಿಳಿಯ ರಾಣಿ ಇ2ಕ್ಕೆ ಬಂದರೆ, ಜಿ8ರ ಕುದುರೆಯನ್ನು ಎಫ್6ಕ್ಕೆ ಆಡಲೇಬಾರದು. ಇ7ರ ಕಾಲಾಳು ರಾಜನ ಮುಂದಿನಿಂದ ಕದಲುವಂತಿಲ್ಲವಾದ್ದರಿಂದ ಬಿಳಿಯ ಕುದುರೆ ಡಿ6ಕ್ಕೆ ಜಿಗಿದು ಆರನೆಯ ನಡೆಗೇ ಚೆಕ್‌ಮೇಟ್ ಆಗುತ್ತದೆ. ಡಿ7ರ ಕುದುರೆಯನ್ನೇ ಎಫ್6ಕ್ಕೆ ತಂದರೆ ಡಿ ಸಾಲು ತೆರೆದು, ಡಿ6ಕ್ಕೆ ಬರುವ ಕುದುರೆಯನ್ನು ಕಪ್ಪು ರಾಣಿ ಹೊಡೆಯುತ್ತಾಳೆ.