ಇಂಗ್ಲಿಷ್‌ಗೆ ಯಾವ ಚಟುವಟಿಕೆ ಮಾಡಿಸಿದ್ರಿ? ಅನುಭವ ಹೇಳಿ

ಹೊಸ ಟೀಚರ್: ಸರ್ಕಾರಿ ಕನ್ನಡ ಮಾಧ್ಯಮ ಶಾಲೆ, ನಾಲ್ಕನೇ ತರಗತಿ, 22 ಮಕ್ಕಳು. ಎಬಿಸಿಡಿ ಬರುತ್ತೆ, ಬಾಯಿ ಬಿಟ್ಟು ಒಂದು ವಾಕ್ಯ ಹೇಳಲ್ಲ. ಕೈಯಾರೆ ಮಾಡಿ ಕಲಿಯುವಂಥದ್ದು ಏನು ಮಾಡಿಸಲಿ? ಶಾಲೆಯಲ್ಲಿ ದುಡ್ಡಿಲ್ಲ.

ಮಲೆನಾಡಿನ ಮೇಷ್ಟ್ರು: ಫ್ಲ್ಯಾಶ್ ಕಾರ್ಡ್ ಮಾತ್ರ ಬೇಡ. ನಾನು 64 ಮಾಡಿಸಿದೆ. ಕಲರ್ ಪ್ರಿಂಟ್ 10 ರೂಪಾಯಿ, ಲ್ಯಾಮಿನೇಷನ್ 20. ಒಟ್ಟು 1,920, ಎಲ್ಲಾ ನನ್ನ ಸಂಬಳದ್ದು. ಆ ಮಳೆಗಾಲದಲ್ಲೇ ಕಪಾಟಿಗೆ ಗೆದ್ದಲು ಹತ್ತಿ 41 ಹೋದವು. ಇನ್ನೂ ಹೊಟ್ಟೆ ಉರಿಯುತ್ತೆ. ಆಮೇಲೆ ಬಾಟಲಿ ಮುಚ್ಚಳಗಳ ಮೇಲೆ ಮಾರ್ಕರ್‌ನಲ್ಲಿ ಸಣ್ಣಕ್ಷರ ಬರೆದೆ. ಅಲ್ಲೂ ಎಡವಟ್ಟು. ಮುಚ್ಚಳ ತಲೆಕೆಳಗಾದರೆ 'ಡಿ' ಹೋಗಿ 'ಪಿ' ಆಗುತ್ತೆ, 'ಎನ್' ಹೋಗಿ 'ಯು'. ಪ್ರತಿ ಅಕ್ಷರದ ಬುಡಕ್ಕೂ ಗೆರೆ ಎಳೆದ ಮೇಲೆ ಸರಿಹೋಯಿತು. ಈಗ 'ಕ್ಯಾಟ್' ಜೋಡಿಸಿ, ಮೊದಲ ಮುಚ್ಚಳ ಬದಲಿಸುತ್ತಾ 'ಬ್ಯಾಟ್', 'ಮ್ಯಾಟ್', 'ಹ್ಯಾಟ್' ಅಂತ ತಾವೇ ಓದುತ್ತಾರೆ.

ಧಾರವಾಡದ ಟೀಚರ್: ಮುಚ್ಚಳ ಜೋಡಿಸಿದರೆ ಮಾತು ಬರುತ್ತಾ ಸರ್? ನಾನು ನಿಂಬೆ ಶರಬತ್ತು ಮಾಡಿಸಿದೆ. ಕಟ್, ಸ್ಕ್ವೀಜ್, ಪೋರ್, ಸ್ಟರ್. ಒಬ್ಬರು ಹೇಳಬೇಕು, ಇನ್ನೊಬ್ಬರು ಮಾಡಬೇಕು. ಹೇಳದೆ ಕೈ ಆಡಿಸುವಂತಿಲ್ಲ. 12 ನಿಂಬೆಗೆ 72, ಸಕ್ಕರೆಗೆ 46, ಒಟ್ಟು 118 ರೂಪಾಯಿ. ಮರುದಿನ ಒಬ್ಬ ತಂದೆ ಬಂದು, ಮಗಳನ್ನು ಕಳಿಸೋದು ಶರಬತ್ತು ಮಾಡೋಕಾ ಎಂದು ಎಲ್ಲರ ಮುಂದೆ ಕೂಗಾಡಿದರು. ಅವತ್ತು ಮನೆಗೆ ಹೋಗಿ ಅತ್ತಿದ್ದೆ. ತಿಂಗಳಾದ ಮೇಲೆ ಅದೇ ಹುಡುಗಿ ಬಿಸಿಯೂಟದ ಸಾಲಿನಲ್ಲಿ ತಟ್ಟೆ ಹಿಡಿದು 'ಪೋರ್ ಸಾಂಬಾರ್' ಎಂದಳು.

ಮಲೆನಾಡಿನ ಮೇಷ್ಟ್ರು: ಅಕ್ಷರ ಕೂಡಿಸಿ ಓದಲು ಬಾರದೆ ಬರೀ ಬಾಯಿಪಾಠ ಆದರೆ ಐದನೇ ತರಗತಿ ಪುಸ್ತಕ ಹಿಡಿದು ಒದ್ದಾಡುತ್ತಾರೆ.

ಧಾರವಾಡದ ಟೀಚರ್: ಕೈಯಲ್ಲಿ ಮಾಡಿಸಿದ್ದನ್ನು ಬಾಯಿಪಾಠ ಅಂತೀರಲ್ಲ! ನಮ್ಮ ಶಾಲೆಗೆ ಬಂದು ನೋಡಿ, ಆಮೇಲೆ ಮಾತಾಡಿ.

ಮೈಸೂರು ಕಡೆಯ ನಿವೃತ್ತ ಶಿಕ್ಷಕ: ಜಗಳ ಬಿಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ, ಅಂದರೆ ಚಟುವಟಿಕೆ ಮಾಡಿಸುತ್ತಾ ಕಲಿಸುವ ಪದ್ಧತಿ, ಶುರುವಾಯಿತು. ಕಾರ್ಡು, ಹಾಡು, ಗುಂಪು ಎಲ್ಲಾ ಅದರಲ್ಲೇ ಇದೆ. ಮೂರನೇ ತರಗತಿವರೆಗೆ ನೆಲದ ಮೇಲೆ ಗುಂಪಾಗಿ ಕಲಿತ ಮಕ್ಕಳನ್ನು ನಾಲ್ಕಕ್ಕೆ ಸಾಲಾಗಿ ಕೂರಿಸುತ್ತೇವೆ. ಬಾಯಿ ಕಟ್ಟೋದು ಅಲ್ಲೇ.

ಮಲೆನಾಡಿನ ಮೇಷ್ಟ್ರು: ಆಗ ಒಂದನೇ ತರಗತಿಗೆ ಇಂಗ್ಲಿಷ್ ಎಲ್ಲಿತ್ತು ಸರ್? ಬಂದದ್ದು 2007ರಲ್ಲಿ. ನಲಿ-ಕಲಿ ಅಂತ ಒಂದೇ ಕೋಣೆಯಲ್ಲಿ ಮೂರು ತರಗತಿ ನೋಡಿಕೊಂಡು, ಪ್ರತಿ ಮಗುವಿನ ಕಲಿಕೆ ಗುರುತು ಹಾಕುವ ಪ್ರಗತಿ ನೋಟವನ್ನೂ ತುಂಬಿ ನಾನು ಬೆಂದಿದ್ದೇನೆ.

ನಿವೃತ್ತ ಶಿಕ್ಷಕ: ಅದನ್ನು ತುಂಬಿದ್ದಕ್ಕೇ ಯಾವ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಅಂತ ಗೊತ್ತಾಗುತ್ತಿತ್ತು. ಸುಮ್ನೆ ಹೊರೆ ಅನ್ನಬೇಡಿ.

ಹೊಸ ಟೀಚರ್: ಅಷ್ಟೊಂದು ಮುಚ್ಚಳ ಎಲ್ಲಿ ಸಿಗುತ್ತೆ ಸರ್?

ಮಲೆನಾಡಿನ ಮೇಷ್ಟ್ರು: ಮದುವೆ ಛತ್ರದಲ್ಲಿ ಕೇಳಿ ಟೀಚರ್, ಚೀಲಗಟ್ಟಲೆ ಕೊಡುತ್ತಾರೆ. ಬುಡದ ಗೆರೆ ಮರೀಬೇಡಿ.