ಅಪ್‌ಡೇಟ್: ಕಾಂಟೆಸ್ಸಾದ ಹೊಸ ಮೂತಿ, ಎಂಜಿನ್ ಕಾವು

ನೈಟ್ ರೈಡರ್ ಎಂಬ ಅಮೆರಿಕದ ಟಿವಿ ಧಾರಾವಾಹಿಯ ‘ಕಿಟ್’ (KITT) ಹೆಸರಿನ ಕಾರಿನ ಮಾದರಿಯಲ್ಲಿ ನನ್ನ ಕಾಂಟೆಸ್ಸಾ ಕಾರಿಗೆ ಫೈಬರ್ ಮೂತಿ ಕೂಡಿಸಿದ ಮೇಲೆ ಎಂಜಿನ್ ಏಕೆ ಕಾಯುತ್ತಿದೆ ಎಂದು ಕೇಳಿದ್ದೆ. ಕಾರಣ ಸಿಕ್ಕಿದೆ. ಗ್ರಿಲ್ ಮುಚ್ಚಿಹೋಗಿ ರೇಡಿಯೇಟರಿಗೆ ಗಾಳಿಯೇ ಸಿಗುತ್ತಿರಲಿಲ್ಲ. ಕಿಟ್‌ಗೆ ಮೂಲವಾದ 1982ರ ಪಾಂಟಿಯಾಕ್ ಟ್ರಾನ್ಸ್ ಆಮ್ ಕಾರು ಬಂಪರಿನ ಕೆಳಗಿನಿಂದ ಗಾಳಿ ಎಳೆದುಕೊಳ್ಳುತ್ತದೆ ಎಂಬುದನ್ನು ನಾನು ಗಮನಿಸಿರಲಿಲ್ಲ.

ಬೆಳಗಾವಿಯ ಉದ್ಯಮಬಾಗದ ಮಿಸ್ತ್ರಿಯೊಬ್ಬರು ಬಂಪರಿನಡಿ ಉದ್ದನೆಯ ಕಿಂಡಿ ಕೊರೆದು, ಅದರ ಹಿಂದೆ ಗಾಳಿಯನ್ನು ಮೇಲಕ್ಕೆ ತಿರುಗಿಸುವ ತಗಡಿನ ಪಟ್ಟಿಯೊಂದನ್ನು ಇಳಿಬಿಟ್ಟು, ಬಂದ ಗಾಳಿ ಪಕ್ಕಕ್ಕೆ ನುಸುಳದಂತೆ ರೇಡಿಯೇಟರಿನ ಸುತ್ತಲಿನ ಸಂದುಗಳಿಗೆಲ್ಲ ರಬ್ಬರ್ ಬೀಡಿಂಗ್ ಒತ್ತಿ ಕೂಡಿಸಿದರು. ಕೆಲಸ ಮುಗಿದಾಗ ಅವರ ಬೆರಳ ತುದಿಗಳಲ್ಲಿ ಫೈಬರಿಗೆ ಹಚ್ಚುವ ರೆಸಿನ್ ಅಂಟು ಒಣಗಿ ಹೆಕ್ಕಳಿಕೆ ಎದ್ದಿತ್ತು. ಅಂಥ ಕೈಗಳಿಗೆ ನಾನು ಋಣಿ. ಮೊನ್ನೆ ಮಟಮಟ ಮಧ್ಯಾಹ್ನ ಕಿತ್ತೂರಿಗೆ ಹೋಗಿಬಂದರೂ ಎಂಜಿನ್ ಕಾವು ತೋರಿಸುವ ಮುಳ್ಳು ಅರ್ಧ ದಾಟಲಿಲ್ಲ.

ವಾಹನದ ಮುಂಭಾಗದಲ್ಲಿ ಕೆಂಪು ಬೆಳಕಿಗೆ ನಿಯಮ ಒಪ್ಪದ ಕಾರಣ, ಕಿಟ್‌ನಂತೆ ಮೂತಿಯಲ್ಲಿ ಅತ್ತಿತ್ತ ಓಡುವ ಕೆಂಪು ದೀಪವನ್ನು ಮನೆಯಂಗಳದಲ್ಲಿ ಮಾತ್ರ ಹಚ್ಚುತ್ತೇನೆ.